ನೀರಿಲ್ಲದ ನಳದ ಸಿನಿಮಾ

ಆಂಧ್ರದ ಗಡಿಯೊಳಗಿನ ಆದೋನಿಯಲ್ಲಿ, ಗುಡ್ಡದ ಬುಡದಲ್ಲಿರುವ ನಮ್ಮ ಓಣಿಗೆ ಮೂವತ್ತೆರಡು ಮನೆಗಳು, ನಾಲ್ಕು ಬೇವಿನ ಮರಗಳು, ಲೆಕ್ಕವಿಲ್ಲದಷ್ಟು ಜಗಳಗಳು ಮತ್ತು ಒಂದೇ ಒಂದು ನಳ ಇದ್ದವು. ಮೊದಲ ಮೂರೂ ಈಗಲೂ ಇವೆ. ನಾಲ್ಕನೆಯದು ಹೇಗೆ ಹೋಯಿತೆಂದು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದು ಹೋಗುವುದರಲ್ಲಿ ನನ್ನ ಕೈಯೂ ಇತ್ತು, ನನ್ನ ಹಿತ್ತಾಳೆಯ ಕೊಡವೂ ಇತ್ತು.

ನಳದಲ್ಲಿ ಮೂರು ದಿನಕ್ಕೊಮ್ಮೆ, ಬೆಳಿಗ್ಗೆ ಒಂದು ತಾಸು ನೀರು ಬರುತ್ತಿತ್ತು. ಇಪ್ಪತ್ತು ವರ್ಷದ ಹಿಂದೆ ಯಾವುದೋ ಚುನಾವಣೆಗೆ ವಾರ ಇದೆಯೆನ್ನುವಾಗ ಯಾರೋ ದೊಡ್ಡ ಪೈಪಿಗೆ ತೂತು ಹೊಡೆದು ನಮ್ಮ ಓಣಿಗೆ ನೀರು ಎಳೆದುಕೊಟ್ಟರು. ಚುನಾವಣೆ ಹೋಯಿತು, ಅವರು ಸೋತರು, ನೀರು ಉಳಿಯಿತು. ಆದರೆ ಸರ್ಕಾರದ ಯಾವ ಪುಸ್ತಕದಲ್ಲೂ ಈ ನಳ ಇರಲಿಲ್ಲ. ಅದಕ್ಕಾಗಿ ನಮ್ಮ ಓಣಿ ಒಂದು ಸಂಪ್ರದಾಯವನ್ನು ಪಾಲಿಸುತ್ತಿತ್ತು. ಜೀಪು ಕಂಡ ಕೂಡಲೇ ಎದುರುಮನೆಯ ಉಚ್ಚಮ್ಮ ಹೊರಬಂದು ನಳದ ಮೇಲೆ ಗೋಣಿಚೀಲ ಹೊದಿಸಿ, ಅದರ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಜೀಪು ಹೋದ ಮೇಲೆ ಚೀಲ ತೆಗೆಯುತ್ತಿದ್ದಳು. ಜನಗಣತಿಯವರು ಬಂದಾಗಲೂ ಹಾಗೆಯೇ, ಸೊಳ್ಳೆಯ ಮದ್ದು ಹೊಡೆಯುವವರು ಬಂದಾಗಲೂ ಹಾಗೆಯೇ.

ಉಚ್ಚಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು. ಗಂಡ ಮಾರೆಪ್ಪ ತೀರಿಕೊಂಡಿದ್ದಾನೆ. ಆ ಪೈಪಿಗೆ ಗುಂಡಿ ತೋಡಿದವನು ಅವನೇ. ಆ ಹಕ್ಕಿನಿಂದ ಪಾಳಿಯಲ್ಲಿ ಆಕೆಯ ಕೊಡ ಯಾವಾಗಲೂ ಮೊದಲು. ಆಕೆಯ ಬಲಮಂಡಿ ಕೆಟ್ಟು ಹೋಗಿತ್ತು. ಬಾಗಿಲಿಂದ ನಳಕ್ಕೆ ಹನ್ನೆರಡು ಹೆಜ್ಜೆ. ಹನ್ನೆರಡು ಹೆಜ್ಜೆಯಾದ್ದರಿಂದಲೇ ಆಕೆ ಮಗಳ ಊರು ಆಸ್ಪರಿಗೆ ಹೋಗದೆ ತನ್ನ ಮನೆಯಲ್ಲಿ ತಾನು ಬೇಯಿಸಿಕೊಂಡು ತಿನ್ನುತ್ತಿದ್ದಳು.

ಇನ್ನು ವಾಗೀಶನ ವಿಷಯ. ಇವನು ನನ್ನ ಪಕ್ಕದ ಮನೆಯವನು, ಚಂದ್ರಣ್ಣನವರ ಡಿಗ್ರಿ ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಇಡೀ ಕನ್ನಡ ವಿಭಾಗಕ್ಕೆ ಹನ್ನೊಂದು ವಿದ್ಯಾರ್ಥಿಗಳು, ಅದರಲ್ಲಿ ಏಳು ಜನ ಬರುವುದಿಲ್ಲ. ಚಂದ್ರಣ್ಣನವರು ಹತ್ತಿ ವ್ಯಾಪಾರಿ. ಹತ್ತಿಯಲ್ಲಿ ಬೀಜ ಬೇರೆ ಅರಳೆ ಬೇರೆ ಮಾಡಿ ಗೊತ್ತಿದ್ದ ಅವರು ಕಾಲೇಜಿನಲ್ಲಿಯೂ ಬೇಡದ್ದನ್ನು ಬೇರ್ಪಡಿಸುವ ಯೋಚನೆಯಲ್ಲಿದ್ದರು. ಆ ಯೋಚನೆ ಕನ್ನಡ ವಿಭಾಗದ ಬಾಗಿಲಿಗೆ ಬಂದು ನಿಂತಾಗಲೇ ಹೊರಗಿನ ಸಮಿತಿಯೊಂದು ಕಾಲೇಜನ್ನು ಪರೀಕ್ಷಿಸಲು ಬರುತ್ತದೆಂದು ಪತ್ರ ಬಂತು. ಪತ್ರದ ಜೊತೆ ಒಂದು ಉದ್ದನೆಯ ಪಟ್ಟಿ. ಅದರ ನಲವತ್ತೊಂದನೆಯ ಸಾಲು: ಸಾಮಾಜಿಕ ನ್ಯಾಯ ಮತ್ತು ಪರಿಸರ ಕುರಿತು ಸಾಕ್ಷ್ಯಚಿತ್ರ ಮಾಲಿಕೆ.

ಚಂದ್ರಣ್ಣನವರು ಲೆಕ್ಚರರುಗಳನ್ನೆಲ್ಲ ಕೂರಿಸಿಕೊಂಡು ಕೇಳಿದರಂತೆ: "ಇದು ನಮ್ಮಲ್ಲಿ ಐತೇನ್ರಿ?"

"ಇಲ್ಲ ಸಾರ್," ಎಂದರಂತೆ ಎಲ್ಲರೂ.

"ಇದ್ದಂಗ ಮಾಡ್ರಿ. ಯಾರಿಗೆ ಪುರುಸೊತ್ತು ಐತಿ?"

ಎಲ್ಲರೂ ವಾಗೀಶನ ಕಡೆ ನೋಡಿದರಂತೆ.

ಹೀಗೆ ವಾಗೀಶ ಸಂಚಾಲಕನಾದ. ಮೊದಲ ಮೂರು ಸಾಕ್ಷ್ಯಚಿತ್ರಗಳನ್ನು ಯಾರದೋ ಪೆನ್‌ಡ್ರೈವಿನಿಂದ ತಂದು ಮೂರು ಶನಿವಾರ ತೋರಿಸಿದ. ಮೂರರಲ್ಲೂ ಹಿಮದ ಗುಡ್ಡಗಳು ಕರಗುತ್ತಿದ್ದವು. ಮೇ ತಿಂಗಳ ಆದೋನಿಯಲ್ಲಿ ಹಿಮ ನೋಡಿದ ಹುಡುಗರು ಸುಖವಾಗಿ ನಿದ್ದೆ ಹೋದರು. ಕರಗುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಲಿಲ್ಲ, ವಾಗೀಶನಿಗೂ ಖಚಿತವಿರಲಿಲ್ಲ. ಆದರೆ ನಾಲ್ಕನೆಯ ಚಿತ್ರ ಸ್ಥಳೀಯವಾಗಿರಬೇಕು, ಕಾಲೇಜಿನವರೇ ತೆಗೆದಿರಬೇಕು ಎಂದು ಪಟ್ಟಿಯಲ್ಲಿತ್ತು.

ಅಲ್ಲಿಗೆ ನಮ್ಮ ವಾಗೀಶ ಸಂಚಾಲಕತನ ಬಿಟ್ಟು ನಿರ್ದೇಶಕನಾದ. ಹೆಗಲಿಗೆ ಜೋಳಿಗೆ ಬಂತು, ತಲೆಗೆ ಟೋಪಿ ಬಂತು. ಊಟಕ್ಕೆ ಕೂತವನು ಎರಡೂ ಕೈಬೆರಳು ಚೌಕ ಮಾಡಿ ರೊಟ್ಟಿಯನ್ನು ನೋಡತೊಡಗಿದ. ಅವನ ಹೆಂಡತಿ ಗಂಗೋತ್ರಿ ನಮ್ಮ ಮನೆಗೆ ಬಂದು, "ಚಿನ್ನಪ್ಪ ಮಾಮ, ಇವರಿಗೆ ಏನೋ ಆಗೈತಿ, ಒಂದ್ಸಲ ಉರುಕುಂದದ ಗುಡಿಗೆ ಕರ್ಕೊಂಡು ಹೋಗಿ ಬರ್ರಿ," ಎಂದಳು. ಅಂದೇ ಹೋಗಿದ್ದರೆ ಚೆನ್ನಾಗಿತ್ತು.

ಚಿತ್ರದ ವಿಷಯ ನೀರಿನ ಬರ, ಹೆಸರು 'ಬಾಯಾರಿದ ಓಣಿ'. ಒಂದು ಸಂಜೆ ಬೇವಿನ ಕಟ್ಟೆಯ ಮೇಲೆ ನಿಂತು ವಾಗೀಶ ನಮಗೆಲ್ಲ ತಿಳಿಸಿ ಹೇಳಿದ: ನಾವೆಲ್ಲ ಖಾಲಿ ಕೊಡ ಹಿಡಿದು ನಳದ ಮುಂದೆ ನಿಲ್ಲಬೇಕು. ನಳ ತಿರುವಿದರೆ ನೀರು ಬರಬಾರದು. ಅದನ್ನು ಅವನು ಫೋನಿನಲ್ಲಿ ತೆಗೆಯುತ್ತಾನೆ. ದೊಡ್ಡವರೆಲ್ಲ ಕೂತು ನೋಡುತ್ತಾರೆ.

ನಮ್ಮ ಕಡೆ ಜನರ ಅನುಭವ ಏನೆಂಬುದನ್ನು ಇಲ್ಲಿ ಹೇಳಬೇಕು. ನಮ್ಮಲ್ಲಿ ಫೋಟೋ ಎಂದರೆ ಮಂಜೂರಾತಿ. ಸರ್ಕಾರಿ ಮನೆ ಕಟ್ಟುವಾಗ ಬುನಾದಿಯ ಪಕ್ಕ ನಿಂತು ಒಂದು ಫೋಟೋ, ಗೋಡೆ ಏಳುವಾಗ ಒಂದು, ಚಾವಣಿಗೆ ಒಂದು. ಪಾಯಿಖಾನೆ ಕಟ್ಟಿಸಿದರೆ ಅದರ ಬಾಗಿಲಲ್ಲಿ ನಿಂತು ಒಂದು. ಕೂಲಿ ಕೆಲಸಕ್ಕೆ ಹೋದರೆ ಗುದ್ದಲಿ ಹಿಡಿದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಯಾವ ವಸ್ತು ಇಲ್ಲವೋ ಅದು ಇರಬೇಕಾದ ಜಾಗದಲ್ಲಿ ನಿಂತು, ಕಾರ್ಡನ್ನು ಎದೆಗೆ ಹಿಡಿದು, ಫೋನಿನ ಕಣ್ಣಲ್ಲಿ ಕಣ್ಣಿಟ್ಟು ನಿಂತವರಿಗೆ ಮಾತ್ರ ಆ ವಸ್ತು ಸಿಗುತ್ತದೆ. ಆದ್ದರಿಂದ ವಾಗೀಶ ಮಾತು ಮುಗಿಸುವ ಹೊತ್ತಿಗೆ ಓಣಿಯವರಿಗೆ ಎಲ್ಲವೂ ಅರ್ಥವಾಗಿತ್ತು: ಮನೆಮನೆಗೂ ನಳ ಬರುತ್ತಿದೆ.

"ಅದು ಸ್ಕೀಮು ಅಲ್ರಿ, ಕಲೆ," ಎಂದ ವಾಗೀಶ.

"ಇರ್ಲಿ ಬಿಡ್ರಿ. ಹೆಸರು ಯಾವುದಾದ್ರೇನು," ಎಂದ ಹಾಲೇಶ್. ಇವನು ಓಣಿಯ ಕೊನೆಯ ಮನೆಯ ಟೈಲರು. "ಲಿಸ್ಟಿನ್ಯಾಗ ನಮ್ಮ ಹೆಸರು ಬಂದ್ರ ಸಾಕು ಕದಾ."

ಉಚ್ಚಮ್ಮ ಒಬ್ಬಳೇ ಒಪ್ಪಲಿಲ್ಲ. "ಬರೋ ನೀರಿಗೆ ಬರಂಗಿಲ್ಲಂತ ಹೇಳಬಾರದು, ವಾಗೀಶಪ್ಪ. ನೀರು ಕೇಳಿಸ್ಕೊಂತಾವ."

"ಅವ್ವಾ, ಮನಿ ಒಳಗ ನಳ ಬಂದ್ರ ಈ ಹನ್ನೆರಡು ಹೆಜ್ಜಿನೂ ಇರಂಗಿಲ್ಲ," ಎಂದೆ ನಾನು. ಹೌದು, ನಾನೇ ಹೇಳಿದ್ದು. ಆಕೆ ತನ್ನ ಮಂಡಿಯನ್ನು ನೋಡಿಕೊಂಡಳು.

ಉಳಿದದ್ದು ಬಜಾರಪ್ಪ. ಊರಿನ ಈ ಭಾಗಕ್ಕೆ ನೀರು ಬಿಡುವವನು ಅವನೇ. ಎದೆಯುದ್ದದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಸೈಕಲ್ ಮೇಲೆ ಬಂದು ವಾಲ್ವು ತಿರುವಿದರೆ ನೀರು, ಇಲ್ಲದಿದ್ದರೆ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಅವನನ್ನು ನೋಡಿದವರೇ ಕಟ್ಟಿರಬೇಕು. ಆ ದಿನ ನೀರು ಬಿಡಬೇಡ ಎಂದು ಕೇಳಿಕೊಂಡಾಗ ಅವನಿಗೆ ಬಹಳ ಆಶ್ಚರ್ಯವಾಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಬಿಡಬೇಡ ಎಂದು ಕೇಳಿಕೊಂಡವರು ನಾವೇ ಮೊದಲು.

"ಆತು. ಆದ್ರ ನಾನೂ ಸಿನಿಮಾದಾಗ ಇರಬೇಕು. ಕೀಲಿ ಸಮೇತ," ಎಂದ.

ಚಿತ್ರೀಕರಣದ ದಿನ ಬೆಳಿಗ್ಗೆ ಏಳಕ್ಕೇ ಓಣಿ ತುಂಬಿತು. ನಮ್ಮ ಮೂವತ್ತೆರಡು ಮನೆಯವರಲ್ಲದೆ, ಮನೆಯೊಳಗೇ ನಳವಿರುವ ಹಿಂದಿನ ಓಣಿಯವರೂ ಕೊಡ ಹಿಡಿದು ಬಂದಿದ್ದರು. ಪತ್ತಿಕೊಂಡದಿಂದ ಹಾಲೇಶನ ಬೀಗರು ಬಂದಿದ್ದರು, ಅವರ ಊರಿಗೆ ಈ ಫೋಟೋ ಇನ್ನೂ ಬಂದಿಲ್ಲವಂತೆ. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟಿದ್ದರು. ಎಲ್ಲರ ಎದೆಯ ಮೇಲೂ ಆಧಾರ್ ಕಾರ್ಡು.

"ಹಳೇ ಸೀರಿ ಉಟ್ಕೊಂಡು ಬರ್ರಿ," ಎಂದು ವಾಗೀಶ ಬೇಡಿಕೊಂಡ. "ಕಾರ್ಡು ಒಳಗ ಇಡ್ರಿ. ಫೋನಿನ ಕಡೆ ನೋಡಬ್ಯಾಡ್ರಿ."

"ಮಕ ಕಾಣ್ಲಿಲ್ಲಂದ್ರ ರಿಜೆಕ್ಟ್ ಮಾಡ್ತಾರ," ಎಂದಳು ಹಾಲೇಶನ ಹೆಂಡತಿ ಮಂಗಳಾ. "ಹೋದ ವರ್ಷ ಮನಿ ಫೋಟೋದಾಗ ಕಣ್ಣು ಮುಚ್ಚಿದ್ದಕ್ಕ ನಮ್ಮ ಅತ್ತಿದು ವಾಪಸ್ ಬಂತು."

ಅಷ್ಟರಲ್ಲಿ ಪಾಳಿಯ ಜಗಳ ಶುರುವಾಯಿತು. ಹಿಂದಿನ ಓಣಿಯವರೊಬ್ಬರು ತಮ್ಮ ಪ್ಲಾಸ್ಟಿಕ್ ಕೊಡವನ್ನು ನನ್ನ ಹಿತ್ತಾಳೆ ಕೊಡದ ಮುಂದಿಟ್ಟರು. ನಾನು ಅದನ್ನು ಕಾಲಿನಿಂದ ಸರಿಸಿದೆ. ಅವರು ನನ್ನದನ್ನು ಸರಿಸಿದರು. ನೀರು ಬರುವುದಿಲ್ಲವೆಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಬಾರದ ನೀರಿನಲ್ಲಿ ಹಿಂದೆ ಬೀಳಲು ಇಬ್ಬರೂ ತಯಾರಿರಲಿಲ್ಲ. ಮಾತಿಗೆ ಮಾತು ಬೆಳೆದು ನನ್ನ ಅಂಗಿಯ ಗುಂಡಿ ಹೋಯಿತು. ವಾಗೀಶ ಟೋಪಿ ಸರಿಮಾಡಿಕೊಂಡು ಅದನ್ನೆಲ್ಲ ಭಕ್ತಿಯಿಂದ ಫೋನಿನಲ್ಲಿ ತೆಗೆದುಕೊಂಡ. ಮುಂದೆ ಸಮಿತಿಯವರು ಆ ದೃಶ್ಯವನ್ನು 'ಸಂಪನ್ಮೂಲಕ್ಕಾಗಿ ಸಂಘರ್ಷ' ಎಂದು ಹೊಗಳಿದರು.

ಬಜಾರಪ್ಪ ಇಸ್ತ್ರಿ ಮಾಡಿದ ಖಾಕಿ ಅಂಗಿಯಲ್ಲಿ ಕೀಲಿ ಹಿಡಿದು ನಿಂತು, ತಾನೇ ರಚಿಸಿದ ಮಾತನ್ನು ಹೇಳಿದ: "ಈ ಓಣಿಗೆ ನಾನು ನನ್ನ ಸರ್ವೀಸಿನಾಗ ಒಂದು ಹನಿ ನೀರು ಬಿಟ್ಟಿಲ್ಲ." ಎಲ್ಲರೂ ಚಪ್ಪಾಳೆ ಹೊಡೆದರು.

ಕೊನೆಗೆ ಉಚ್ಚಮ್ಮ. ಆಕೆ ಕುಂಟುತ್ತಾ ಬಂದು, ಕೊಡ ಇಟ್ಟು, ನಳ ತಿರುವಿದಳು. ನಳ ಸುಮ್ಮನಿತ್ತು. ಆಕೆಗೆ ಏನೂ ಹೇಳಿಕೊಟ್ಟಿರಲಿಲ್ಲ. ತನ್ನಷ್ಟಕ್ಕೆ ನಳದ ಮೇಲೆ ಕೈಯಿಟ್ಟು, ಮಗುವಿನ ತಲೆ ಸವರಿದಂತೆ ಸವರಿ, "ನಿನ್ನ ಗುಂಡಿ ತೋಡಿದಾತ ಹೋದ, ನೀನೂ ಹೋದಿ. ಎಷ್ಟು ವರ್ಷಾತು ನೀರು ಕಂಡು," ಎಂದಳು. ಹಿಂದಿನ ಬುಧವಾರವಷ್ಟೇ ಆಕೆ ಅಲ್ಲಿ ಆರು ಕೊಡ ತುಂಬಿದ್ದಳು. ಅದು ಗೊತ್ತಿದ್ದ ನನ್ನ ಕಣ್ಣಲ್ಲೇ ನೀರು ಬಂತು.

"ಹೆಂಗಾತಪ್ಪ?" ಎಂದು ಕೇಳಿದಳು, ಫೋನಿನ ಕಡೆ ತಿರುಗಿ, ಕಾರ್ಡು ತೋರಿಸುತ್ತಾ. ಆ ಭಾಗವನ್ನು ಕತ್ತರಿಸಬೇಕಾಯಿತು.

ಮುಂದಿನ ಶನಿವಾರ ಕಾಲೇಜಿನ ಸಭಾಂಗಣ ಭರ್ತಿ. ಸಮಿತಿಯ ಮೂವರು ಮುಂದಿನ ಸಾಲಿನಲ್ಲಿ. ಮುಖ್ಯ ಅತಿಥಿಯಾಗಿ ನೀರಿನ ಆಫೀಸಿಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ವಿಜಯಶ್ರೀ ಮೇಡಂ. ಉಚ್ಚಮ್ಮನ ಮಾತು ಬಂದಾಗ ಮೇಡಂ ಕರ್ಚೀಫು ತೆಗೆದರು. ಚಿತ್ರ ಮುಗಿದ ಮೇಲೆ ವೇದಿಕೆಗೆ ಬಂದು ತೆಲುಗಿನಲ್ಲಿ, ತಾನು ಓದಿದ್ದಕ್ಕೆ ಇಂದು ನಾಚಿಕೆಯಾಗಿದೆ, ಈ ನಳದ ವಿಷಯದಲ್ಲಿ ನಲವತ್ತೆಂಟು ಗಂಟೆಯಲ್ಲಿ ಕ್ರಮ ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟರು. ಸಭಾಂಗಣವೆಲ್ಲ ಎದ್ದು ನಿಂತಿತು. ಚಂದ್ರಣ್ಣನವರು ವಾಗೀಶನಿಗೆ ಶಾಲು ಹೊದಿಸಿದರು. ಕನ್ನಡ ವಿಭಾಗ ಉಳಿಯಿತು.

ನನ್ನ ಅರವತ್ತಾರು ವರ್ಷದ ಆಯುಷ್ಯದಲ್ಲಿ ಸರ್ಕಾರ ಹೇಳಿದ ಗಂಟೆಗೆ ಬಂದದ್ದು ಅದೊಂದೇ ಸಲ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಜೀಪು ಬಂತು. ಹಿಂದೆ ಹಾರೆ, ಗುದ್ದಲಿ ಹಿಡಿದ ನಾಲ್ಕು ಜನ. ಉಚ್ಚಮ್ಮ ಅಭ್ಯಾಸ ಬಲದಿಂದ ಗೋಣಿಚೀಲ ಹಿಡಿದು ಹೊರಬಂದಳು, ಆಮೇಲೆ ನೆನಪಾಗಿ ಚೀಲವನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮನೆಮನೆಗೆ ನಳ ಹಾಕಲು ಬಂದರೆಂದು ನಾವೆಲ್ಲ ಬಾಗಿಲ ಮುಂದೆ ಕಾರ್ಡು ಹಿಡಿದು ನಿಂತೆವು. ಮಂಗಳಾ ತನ್ನ ಅಡುಗೆಮನೆಯಲ್ಲಿ ಎಲ್ಲಿ ಬೇಕೆಂದು ಸುಣ್ಣದಿಂದ ಗುರುತು ಮಾಡಿಟ್ಟಿದ್ದಳು.

ಮೇಡಂ ಕೈಯಲ್ಲಿ ಪುಸ್ತಕ ಹಿಡಿದು ಇಳಿದರು. "ಈ ನಳ ನಮ್ಮ ರಿಜಿಸ್ಟರಿನಾಗ ಎಲ್ಲೂ ಇಲ್ಲ," ಎಂದರು, ತಮಗೆ ಬಂದಷ್ಟು ಕನ್ನಡದಲ್ಲಿ. "ವರ್ಷಗಟ್ಟಲೆ ನೀರು ಬರದೆ ಒಣಗಿದ ಪೈಪು ದೊಡ್ಡ ಪೈಪಿಗೆ ಕೂಡಿದ್ದರೆ ಕೊಳಕು ಸೇರ್ತದೆ. ಊರಿಗೆಲ್ಲ ರೋಗ. ಕತ್ತರಿಸಿ ಮುಚ್ಚಿಬಿಡ್ತೀವಿ. ಪಾಪ, ಆ ಅವ್ವ ಇನ್ನು ಸುಳ್ಳು ಆಸೆ ಇಟ್ಕೊಂಡು ಬಂದು ತಿರುವೋದು ಬೇಡ."

ಅಷ್ಟರಲ್ಲಿ ಹಾರೆ ಬಿತ್ತು. ಅಂದು ನಮ್ಮ ಪಾಳಿಯ ದಿನ, ವಾಲ್ವು ತೆರೆದೇ ಇತ್ತು. ನೀರು ಬೇವಿನ ಮರದ ಕೊಂಬೆಯ ತನಕ ಚಿಮ್ಮಿತು. ಮೂವತ್ತೆರಡು ಮನೆಯವರು ಕಾರ್ಡು ಬಿಸಾಕಿ ಕೊಡ, ಬಕೆಟ್ಟು, ಪಾತ್ರೆ ಹಿಡಿದು ಓಡಿದರು. ಮೇಡಂ ಮೈಯೆಲ್ಲ ತೊಯ್ದು ಕೇಳಿದರು: "ಏಮಿಟಿದಿ? ಇದೇನು, ನೀರು ಬರ್ತದಲ್ಲ?"

ಓಡಿದವರೆಲ್ಲ ತುಂಬಿದ ಕೊಡಗಳನ್ನು ಬೆನ್ನ ಹಿಂದೆ ಸರಿಸಿಕೊಂಡರು.

"ಬರ್ತದೋ ಇಲ್ಲೋ ಒಂದು ಹೇಳ್ರಿ," ಎಂದರು ಮೇಡಂ. "ಬರ್ತದಂದ್ರ ಇಷ್ಟು ವರ್ಷ ನೀರು ಕದ್ದಂಗಾತು, ಓಣಿ ಮೇಲೆ ಕೇಸು ಬರೀಬೇಕು. ಬರಂಗಿಲ್ಲಂದ್ರ ಪೈಪು ಹೋದ್ರ ನಿಮಗೇನು ನಷ್ಟ?"

"ಬರ್ತಾವ," ಎಂದಳು ಉಚ್ಚಮ್ಮ. "ಶುಕ್ರವಾರ ಬಂದಿದ್ವು. ಬಜಾರಪ್ಪನ್ನ ಕೇಳ್ರಿ."

ವಾಲ್ವು ತಿರುವಿ ಬಂದು ಜೀಪಿನ ಪಕ್ಕ ನಿಂತಿದ್ದ ಬಜಾರಪ್ಪ ಕೀಲಿ ಎದೆಗೆ ಅವಚಿಕೊಂಡಿದ್ದ. ಲೆಕ್ಕದಲ್ಲಿಲ್ಲದ ನಳಕ್ಕೆ ಇಪ್ಪತ್ತು ವರ್ಷ ನೀರು ಬಿಟ್ಟೆನೆಂದರೆ ನೌಕರಿ ಹೋಗುತ್ತದೆ. "ಇಲ್ಲ ಮೇಡಂ. ಇದು ಪೈಪಿನಾಗ ನಿಂತಿದ್ದ ಹಳೇ ನೀರು," ಎಂದ. ಹಳೇ ನೀರು ಕಾಲು ಗಂಟೆಯಿಂದ ಚಿಮ್ಮುತ್ತಿತ್ತು.

ಮೇಡಂ ವಾಗೀಶನ ಕಡೆ ತಿರುಗಿದರು. "ಸಾರ್, ನೀವು ಓದಿದವರು. ನಿಮ್ಮ ಸಿನಿಮಾ ನಿಜವೋ ಸುಳ್ಳೋ?"

ಓಣಿಯೆಲ್ಲ ಅವನ ಬಾಯಿ ನೋಡುತ್ತಿತ್ತು. ಸುಳ್ಳು ಎಂದರೆ ಶಾಲು ಹೋಗುತ್ತದೆ, ಸಮಿತಿ ಕೊಟ್ಟ ದರ್ಜೆ ಹೋಗುತ್ತದೆ, ಹನ್ನೊಂದು ವಿದ್ಯಾರ್ಥಿಗಳ ಕನ್ನಡ ವಿಭಾಗ ಹೋಗುತ್ತದೆ. ನಿಜ ಎಂದರೆ ನಳ ಹೋಗುತ್ತದೆ. ಗಂಗೋತ್ರಿ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಸಾಕ್ಷ್ಯಚಿತ್ರ ಅಂದ್ರ ನಿಜಾನೇ ಇರ್ತದ ಮೇಡಂ," ಎಂದ.

ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಇಪ್ಪತ್ತು ವರ್ಷ ಕದ್ದ ನೀರಿನಲ್ಲಿ ನನ್ನ ಹಿತ್ತಾಳೆ ಕೊಡದ ಪಾಲೂ ಇತ್ತು. ಹತ್ತು ನಿಮಿಷದಲ್ಲಿ ಪೈಪಿಗೆ ಮುಚ್ಚಳ ಬಿತ್ತು, ಸಿಮೆಂಟು ಬಿತ್ತು. ಇರಲಾರದೆ ಇರುವೆ ಬಿಟ್ಟುಕೊಂಡರು ಎಂದು ಹಿರಿಯರು ಹೇಳಿದ್ದು ಯಾರನ್ನು ನೋಡಿ ಎಂದು ನನಗೆ ಗೊತ್ತಿಲ್ಲ, ನಮ್ಮನ್ನು ನೋಡಿದ್ದರೆ ಇನ್ನೂ ಕಟುವಾಗಿ ಹೇಳುತ್ತಿದ್ದರು.

ಆಮೇಲೆ ನಾವು ಮನೆಮನೆಗೆ ನಳ ಕೇಳಿ ಅರ್ಜಿ ಕೊಟ್ಟೆವು. ಯಾವ ಓಣಿಯಲ್ಲಿ ಪೈಪು ಇದೆಯೋ ಆ ಓಣಿಗೆ ಮಾತ್ರ ಮನೆ ನಳ ಎಂದು ಉತ್ತರ ಬಂತು. ಹಿಂದಿನ ಓಣಿಯವರು ನಮ್ಮ ಚಿತ್ರದಲ್ಲಿ ಕಾಣಿಸಿಕೊಂಡಿದ್ದರಿಂದ ಅವರ ಮನೆಗಳಲ್ಲಿ ನೀರು ಬರುತ್ತದೋ ಇಲ್ಲವೋ ಎಂದು ವಿಚಾರಣೆ ನಡೆದಿದೆ. ಅವರು ಈಗ ನಮ್ಮೊಂದಿಗೆ ಮಾತಾಡುವುದಿಲ್ಲ.

ಈಗ ನಾಲ್ಕು ದಿನಕ್ಕೊಮ್ಮೆ ದೊಡ್ಡ ರಸ್ತೆಗೆ ಟ್ಯಾಂಕರು ಬರುತ್ತದೆ. ಉಚ್ಚಮ್ಮನ ಬಾಗಿಲಿಂದ ಅಲ್ಲಿಗೆ ಮುನ್ನೂರ ನಲವತ್ತು ಹೆಜ್ಜೆ. ಆಕೆಯೇ ಎಣಿಸಿ ಹೇಳಿದ್ದು. ಒಂದು ಕೊಡಕ್ಕೆ ಮೂರು ಕಡೆ ಕೂತು ಏಳುತ್ತಾಳೆ. ಪಾಳಿಯಲ್ಲಿ ಆಕೆಯ ಕೊಡ ಈಗ ಮೊದಲಲ್ಲ. ಟ್ಯಾಂಕರಿಗೆ ಮಾರೆಪ್ಪ ಯಾವ ಗುಂಡಿಯನ್ನೂ ತೋಡಿಲ್ಲ. ನಾವು ತಂದುಕೊಡುತ್ತೇವೆಂದರೆ ಬೇಡ ಎನ್ನುತ್ತಾಳೆ. ಆಸ್ಪರಿಯಿಂದ ಮಗಳು ಎರಡು ಸಲ ಬಂದು, ಸಾಮಾನು ಕಟ್ಟು ಎಂದು ಹೇಳಿ ಹೋಗಿದ್ದಾಳೆ. ಎರಡನೆಯ ಸಲ ಉಚ್ಚಮ್ಮ ಒಲ್ಲೆ ಎನ್ನಲಿಲ್ಲ.

ಗಂಗೋತ್ರಿ ಗಂಡನಿಗೆ ಎರಡು ಕೊಡ ಕೊಟ್ಟು ಟ್ಯಾಂಕರಿಗೆ ಕಳಿಸುತ್ತಾಳೆ. ಬೇರೆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಹೋದ ತಿಂಗಳು ಚಂದ್ರಣ್ಣನವರು ವಾಗೀಶನನ್ನು ಕರೆಸಿದರು. ಮಾಲಿಕೆಯ ಎರಡನೆಯ ವರ್ಷಕ್ಕೂ ಒಂದು ಸ್ಥಳೀಯ ಚಿತ್ರ ಬೇಕಿತ್ತು. ಪ್ರಾಯಶ್ಚಿತ್ತವೆಂದು ಬಗೆದೋ ಏನೋ, ವಾಗೀಶ ಈ ಸಲ ಟೋಪಿ ಇಲ್ಲದೆ ಬಂದು ಟ್ಯಾಂಕರಿನ ಪಾಳಿಯನ್ನು ಇದ್ದದ್ದು ಇದ್ದಂತೆ ತೆಗೆದ. ಯಾರಿಗೂ ಏನೂ ಹೇಳಿಕೊಡಲಿಲ್ಲ. ಯಾರೂ ಕಾರ್ಡು ತೋರಿಸಲಿಲ್ಲ, ಫೋನಿನ ಕಡೆ ನೋಡಲೂ ಇಲ್ಲ. ಉಚ್ಚಮ್ಮ ಕೊಡ ಹೊತ್ತು ಹೋಗಿ, ಕೂತು, ಎದ್ದು, ಮತ್ತೆ ಕೂತಳು. ಈ ಓಣಿಗೆ ನೀರು ತರಿಸುವ ಚಿತ್ರ ಇದೇ ಎಂದು ಅವನು ನನಗೆ ಎರಡು ಸಲ ಹೇಳಿದ.

ಚಂದ್ರಣ್ಣನವರು ಪೂರ್ತಿ ನೋಡಿದರಂತೆ. ಸಮಿತಿಯವರಿಗೂ ಕಳಿಸಿ ಕೇಳಿದರಂತೆ.

ಆ ಮೇಲಿನ ಟ್ಯಾಂಕರಿನ ದಿನ ವಾಗೀಶ ಖಾಲಿ ಕೊಡ ಹಿಡಿದು ಉಚ್ಚಮ್ಮನ ಹಿಂದೆ ನಿಂತಿದ್ದ. ನಾನು ಅವನ ಹಿಂದೆ. ಟ್ಯಾಂಕರು ಇನ್ನೂ ಬಂದಿರಲಿಲ್ಲ.

"ಏನಂದ್ರಪ್ಪ ನಿಮ್ಮ ದೊಡ್ಡೋರು?" ಎಂದು ಕೇಳಿದಳು ಉಚ್ಚಮ್ಮ.

ವಾಗೀಶ ನೆಲ ನೋಡಿದ. "ಪಸಂದ್ ಆಗಿಲ್ಲಂತವ್ವ. ಮೊದಲನೇದರಾಗ ಇದ್ದ ನಿಜ ಇದರಾಗ ಇಲ್ಲಂತ. ಆ ಮುದುಕಿ ಹೋದ ಸಲ ಛಲೋ ಮಾಡಿದ್ಲು, ಈ ಸಲ ಸುಮ್ನ ನಡದಾಡ್ಯಾಳ, ಏನೂ ಅನ್ನಿಸಂಗಿಲ್ಲ ಅಂದ್ರು. ಇನ್ನೊಂದ್ಸಲ ತಗೀರಿ ಅಂದಾರ."

ಉಚ್ಚಮ್ಮ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಂಡಳು. ಸಿಟ್ಟು ಬಂದಂತೆ ಕಾಣಲಿಲ್ಲ. ಕೆಲಸದ ವಿಷಯ ಮಾತಾಡುವ ದನಿಯಲ್ಲೇ ಹೇಳಿದಳು:

"ಹಂಗಾರ ಮೊದಲು ಆ ನಳಕ್ಕ ನೀರು ಬಿಡಸಪ್ಪ. ಮನಿಯಾಗ ಕೊಡ ತುಂಬಿದ್ರಷ್ಟ ನನಗ ನೀರಿಲ್ಲಂತ ಹೇಳಾಕ ಬರ್ತೈತಿ."